ಕಂದನಕಾಯಿ ಇಲ್ಲದ ದ್ಯಾವಪ್ಪ

ಅಮೃತೂರಿನ ದ್ಯಾವಪ್ಪ ಮುದ್ದೆ ನುಂಗುವುದನ್ನು ನೋಡಲೆಂದೇ ಒಂದು ಕಾಲದಲ್ಲಿ ಜನ ಪಂಕ್ತಿಯಲ್ಲಿ ಅವನ ಎದುರಿನ ಎಲೆಗೆ ಜಗಳವಾಡುತ್ತಿದ್ದರು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವಂತಿಲ್ಲ. ತುತ್ತು ಮುರಿದು, ಬೆರಳಲ್ಲಿ ದುಂಡಗೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ಅದು ಹಲ್ಲಿಗೆ ತಾಕದೆ ಗಂಟಲಿಗೆ ಇಳಿಯಬೇಕು. ಅಗಿದವನು ಹೊರಗಿನವನು ಅಂತಲೇ ಲೆಕ್ಕ. ದ್ಯಾವಪ್ಪ ಇದನ್ನು ಒಂದು ವಿದ್ಯೆಯ ಮಟ್ಟಕ್ಕೆ ಒಯ್ದಿದ್ದ. ದೊಡ್ಡ ಗಾತ್ರದ ಮುದ್ದೆ ಅವನಿಗೆ ಆರೇ ತುತ್ತು. "ಮುದ್ದೆ ಒಳಕ್ಕೋಗಿದ್ದು ನಾಲ್ಗೆಗೂ ತಿಳೀಬಾರ್ದು," ಎಂದು ಎಲೆಯ ಮುಂದೆ ಕೂತವರಿಗೆಲ್ಲ ಪಾಠ ಹೇಳುತ್ತಿದ್ದ. ಆ ಮಾತೇ ಮುಂದೆ ಅವನ ಕೊರಳಿಗೆ ಸುತ್ತಿಕೊಂಡಿತು.

ಮೂವತ್ತೊಂದು ವರ್ಷ ಅವನು ಅಮೃತೂರಿನಿಂದ ಕುಣಿಗಲ್ ಮೇಲೆ ತುಮಕೂರಿಗೆ ಓಡುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಕೆಲಸ ಬಿಟ್ಟ ಮೇಲೂ ಬಸ್‌ಸ್ಟ್ಯಾಂಡ್ ಬಿಡಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ, ಟವೆಲ್ ಹೆಗಲಿಗೆ ಹಾಕಿ, ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತರೆ ಯಾವ ಬಸ್ಸು ಎಷ್ಟು ನಿಮಿಷ ತಡ, ಯಾವ ಡ್ರೈವರ್ ಮಾವನ ಮನೆಗೆ ಹೋಗಿದ್ದಾನೆ, ಎಲ್ಲ ಅವನ ಬಾಯಲ್ಲಿ. ಯಾರೂ ಕೇಳದಿದ್ದರೂ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು ಬಸ್ಸು ಬಿಡಿಸುತ್ತಿದ್ದ. ಈಗಿನ ಕಂಡಕ್ಟರುಗಳು ಮೊದಮೊದಲು ಸಿಡುಕಿದರು, ಆಮೇಲೆ ಅವನ ಸೀಟಿಗೇ ಕಾಯುವುದನ್ನು ಕಲಿತರು. ಆ ಬೆಂಚು ಇಲ್ಲದ ದಿನವನ್ನು ಅವನು ದಿನವೆಂದೇ ಎಣಿಸುತ್ತಿರಲಿಲ್ಲ.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಅವನ ಹೆಂಡತಿ ಸಿದ್ದಲಕ್ಷ್ಮಮ್ಮನ ತಮ್ಮ ದೊಡ್ಡರಂಗಯ್ಯ ಕೂರುತ್ತಿದ್ದ. ಪಾಪ, ಐವತ್ತಕ್ಕೇ ಹಲ್ಲು ಕಳೆದುಕೊಂಡವನು. ಅವನಿಗೆ ಬೊಚ್ಚುರಂಗ ಅಂತ ಹೆಸರಿಟ್ಟು ಇಡೀ ಬಸ್‌ಸ್ಟ್ಯಾಂಡಿಗೆ ಹಂಚಿದವನು ದ್ಯಾವಪ್ಪನೇ. "ನಮ್ ವಂಶದಾಗೆ ಹಲ್ಲು ಸುಡುಗಾಡಿನವರ್ಗೂ ಜೊತೇಲೇ ಬರ್ತವೆ ಕಣ್ಲಾ ರಂಗ," ಎನ್ನುತ್ತಿದ್ದ. ಅರವತ್ತೈದು ದಾಟುತ್ತಿದ್ದಂತೆ ಆ ವಂಶದ ಹಲ್ಲುಗಳು ಒಂದೊಂದಾಗಿ ನಡುದಾರಿಯ ಸ್ಟಾಪಿನಲ್ಲೇ ಇಳಿದುಹೋದವು. ಉಳಿದ ನಾಲ್ಕನ್ನು ತುಮಕೂರಿನ ಹಲ್ಲಿನ ಡಾಕ್ಟರು ಕಿತ್ತು, ಯುಗಾದಿ ಹೊತ್ತಿಗೆ ಒಂದು ಕಟ್ಟುಹಲ್ಲಿನ ಸೆಟ್ಟು ಮಾಡಿಕೊಟ್ಟರು. ಅಲ್ಲಿಯವರೆಗೆ ದ್ಯಾವಪ್ಪ ಮುಖಕ್ಕೆ ಟವೆಲ್ ಸುತ್ತಿಕೊಂಡು, ಈ ವಯಸ್ಸಿನಲ್ಲಿ ಮಂಗನಬಾವು ಅಂತ ಬೆಂಚಿಗೆ ಸುದ್ದಿ ಕಳಿಸಿ ಮನೆಯಲ್ಲೇ ಇದ್ದ. ತುಮಕೂರಿಗೆ ಹೋಗುವಾಗ ಮಾತ್ರ ಗುಬ್ಬಿಯಲ್ಲಿ ನೆಂಟರ ಸಾವು ಎಂದು ಹೇಳುತ್ತಿದ್ದ.

ಸೆಟ್ಟು ನೋಡಲು ಭರ್ಜರಿಯಾಗಿತ್ತು. ಹಾಕಿಕೊಂಡು ನಕ್ಕರೆ ಮದುವೆ ಫೋಟೋದ ದ್ಯಾವಪ್ಪನೇ. ಆದರೆ ಏನನ್ನಾದರೂ ಅಗಿಯಲು ಹೋದರೆ ಕೆಳವಸಡನ್ನು ಒತ್ತಿ ಒತ್ತಿ ಹುಣ್ಣು ಮಾಡುತ್ತಿತ್ತು. ವಾಪಸ್ ಹೋಗಿ ಒಂದಿಷ್ಟು ಉಜ್ಜಿಸಿಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಹೆಂಡತಿಗೆ ಮೊದಲ ದಿನವೇ "ಹಳೇ ಹಲ್ಲಿಗಿಂತ ವಾಸಿ ಕಣಮ್ಮಿ, ಕಬ್ಬು ಬೇಕಾದ್ರೂ ಸಿಗೀತೀನಿ" ಎಂದು ಹೇಳಿ ಆಗಿತ್ತು. ಮತ್ತೆ ತುಮಕೂರಿಗೆ ಹೋಗಲು ಬೆಂಚಿಗೆ ನೆಪ ಹೇಳೋಣವೆಂದರೆ ಸಾಯಿಸಲು ಗುಬ್ಬಿಯಲ್ಲಿ ನೆಂಟರು ಉಳಿದಿರಲಿಲ್ಲ. ಈ ಗಂಡಸರು ಒಂದು ಸುಳ್ಳು ಹೇಳಿ ಅದನ್ನು ಕಾಪಾಡಲು ಪಡುವ ಕಷ್ಟದಲ್ಲಿ ಅರ್ಧ ಪಟ್ಟರೆ ಸಂಸಾರ ನೆಟ್ಟಗಿರುತ್ತದೆ.

ಸೆಟ್ಟು ಜಾರುತ್ತಿದ್ದರಿಂದ ಸೀಟಿ ಹೋಯಿತು. ಕೇಳಿದವರಿಗೆ, "ಈಗಿನ ಗಾಡಿಗೆಲ್ಲ ಹಾರ್ನ್ ಐತಲ್ಲ, ನಾನ್ಯಾಕೆ ಗಂಟ್ಲು ಕಿತ್ಕಳ್ಲಿ," ಎಂದ. ಊಟದ್ದು ಸುಲಭವಾಗಿ ಬಗೆಹರಿಯಿತು. ಸೆಕೆ ಅಂತ ನೆಪ ಹೇಳಿ ತಟ್ಟೆ ಎತ್ತಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುವುದು, ಸೆಟ್ಟನ್ನು ಮೆಲ್ಲಗೆ ತೆಗೆದು ಅಂಗಿ ಜೇಬಿಗೆ ಇಳಿಸುವುದು, ಮುದ್ದೆಯನ್ನು ಎಂದಿನಂತೆ ನುಂಗುವುದು, ಸಾರು ಕುಡಿಯುವುದು. ಹಲ್ಲಿದ್ದಾಗಲೂ ಮುದ್ದೆಗೆ ಹಲ್ಲು ಬಳಸದವನಿಗೆ ಹಲ್ಲಿಲ್ಲದಾಗ ಏನು ತೊಂದರೆ? ತೊಂದರೆ ಇದ್ದದ್ದು ಸಾರಿನೊಳಗಿನ ಕಾಳಿನದು. ಮೊದಲು ಕಾಳನ್ನೂ ಮುದ್ದೆಯ ಹಾಗೆ ನುಂಗಿ ನೋಡಿದ. ಹುರುಳಿ, ಅಲಸಂದೆ, ಅವರೆ, ಯಾವುದೂ ಒಳಗೆ ನಿಲ್ಲಲಿಲ್ಲ. ಹೊಟ್ಟೆಯೆಲ್ಲ ಗುಡುಗಿಸಿ, ಮಾರನೆಯ ಬೆಳಿಗ್ಗೆ ಹೋದ ಆಕಾರದಲ್ಲೇ ಹೊರಗೆ ಬಂದವು. ನೋಡಿದರೆ ಇದು ಅಲಸಂದೆ, ಇದು ಹುರುಳಿ ಅಂತ ಹೇಳಬಹುದಿತ್ತು. ಅಂದಿನಿಂದ ಕಾಳೆಲ್ಲ ಹಿತ್ತಲಿನ ಕೋಳಿಗಳಿಗೆ ಹೋಯಿತು. ಐದು ಕೋಳಿ, ಅದರಲ್ಲಿ ಒಂದು ಕರಿಕೋಳಿ ಅವನಿಗೆ ಬಹಳ ಹೊಂದಿಕೊಂಡಿತ್ತು. ತಟ್ಟೆಯ ಸದ್ದಾದರೆ ಓಡಿಬಂದು ಮೆಟ್ಟಿಲ ಬಳಿ ನಿಲ್ಲುತ್ತಿತ್ತು.

"ಒಂದ್ ಕಾಳೂ ಬುಡ್ದಂಗೆ ಉಣ್ತಾವ್ರೆ ಬುಡು," ಎಂದು ಸಿದ್ದಲಕ್ಷ್ಮಮ್ಮ ಖಾಲಿ ತಟ್ಟೆ ನೋಡಿ ಪಕ್ಕದ ಮನೆಯ ಶಕುಂತಲಮ್ಮನಿಗೆ ಹೇಳಿ ಸಂತೋಷಪಡುತ್ತಿದ್ದಳು.

ದೀಪಾವಳಿ ಕಳೆದ ವಾರ ಮನೆ ಹಿಂದಿನ ತೆಂಗಿನಮರದಿಂದ ಒಣಗರಿಯೊಂದು ಕಳಚಿ ಬಿತ್ತು. ಅದರ ಮಟ್ಟೆ ದ್ಯಾವಪ್ಪನ ಎಡಗಾಲನ್ನು ಮೊಣಕಾಲ ಕೆಳಗೆ ಅಂಗೈಯಗಲ ಕೆತ್ತಿಕೊಂಡು ಹೋಯಿತು. ಮೂಳೆ ಮುರಿದಿರಲಿಲ್ಲ. ವಾರದಲ್ಲಿ ಒಣಗುತ್ತದೆ ಎಂದರು ಎಲ್ಲರೂ. ಐದು ವಾರವಾದರೂ ಗಾಯ ಬಾಯಿ ಬಿಟ್ಟುಕೊಂಡೇ ಇತ್ತು. ಪಾದ ಊದಿಕೊಂಡಿತು. ತೋಳು ಸಣ್ಣಗಾಗಿ ಅಂಗಿಯ ತೋಳಿನೊಳಗೆ ಅಲ್ಲಾಡತೊಡಗಿತು. ಬೆಂಚಿನ ದಾರಿ ಬಂದ್ ಆಯಿತು. ದಿನಕ್ಕೆ ಮೂರು ಮುದ್ದೆ ಉಣ್ಣುವವನು ಹೀಗೇಕಾದ ಅಂತ ಯಾರಿಗೂ ತಿಳಿಯಲಿಲ್ಲ. ತಿಳಿದವರು ಇದ್ದರೆ ಕೋಳಿಗಳು, ಅವು ಹೇಳುವ ಹಾಗಿರಲಿಲ್ಲ.

ಕುಣಿಗಲ್ಲಿನ ಡಾಕ್ಟರ್ ಅಕ್ಷತಾ ಗುಬ್ಬಿ ಕಡೆಯ ಹುಡುಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ. ರಕ್ತದ ರಿಪೋರ್ಟನ್ನು ಎರಡು ಸಲ ನೋಡಿದಳು. ಸಕ್ಕರೆ ಕಾಯಿಲೆ ಇಲ್ಲ, ಮೂತ್ರಪಿಂಡ ಚೆನ್ನಾಗಿದೆ, ಪ್ರೋಟೀನ್ ಮಾತ್ರ ಪಾತಾಳದಲ್ಲಿದೆ.

"ಏನು ಊಟ ಮಾಡ್ತೀರ?"

"ಮುದ್ದೆ, ಕಾಳುಸಾರು," ಎಂದ ದ್ಯಾವಪ್ಪ ಪೂರ್ತಿ ಹಲ್ಲು ತೋರಿಸಿ.

"ಕಾಳು ಅಗಿದು ತಿಂತೀರಾ?"

"ಸೆಟ್ಟು ಫಸ್ಟ್‌ಕ್ಲಾಸ್ ಐತೆ ಮೇಡಮ್."

ಪಕ್ಕದಲ್ಲಿದ್ದ ಸಿದ್ದಲಕ್ಷ್ಮಮ್ಮನೂ ತಲೆಯಾಡಿಸಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಅವನು ಕಂಡಕ್ಟರಾಗಿದ್ದವನು ಎಂದು ತಿಳಿದು, ಟಿಕೆಟ್ಟಿನ ಕಟ್ಟಿನ ಮೇಲೆಯೇ ಹೇಳಿಕೊಟ್ಟಳು. ಕಾಳು, ಮೊಟ್ಟೆ, ಮಾಂಸ ಇವುಗಳಲ್ಲಿರುವ ಪ್ರೋಟೀನು ಅಂದರೆ ಒತ್ತಾಗಿ ಹೊಲಿದ ಟಿಕೆಟ್ ಕಟ್ಟು. ಇಡೀ ಕಟ್ಟನ್ನು ಪ್ಯಾಸೆಂಜರ್ ಕೈಗೆ ಕೊಡುವ ಹಾಗಿಲ್ಲ, ಒಂದೊಂದೇ ಹರಿದು ಕೊಡಬೇಕು. ಹಲ್ಲು ಮಾಡುವುದು ಕಟ್ಟಿನ ಹೊರಗಿನ ರಟ್ಟು ಕೀಳುವ ಕೆಲಸ. ಹೊಟ್ಟೆಗೆ ಹೋದರೆ ಅಲ್ಲಿಯ ಹುಳಿ ಆ ಕಟ್ಟನ್ನು ಸಡಿಲ ಮಾಡುತ್ತದೆ, ಜೊತೆಗಿರುವ ಒಂದು ರಸ ಅದನ್ನು ತುಂಡು ಮಾಡುತ್ತದೆ. ಅಲ್ಲಿಂದ ಸಣ್ಣ ಕರುಳಿಗೆ ಇಳಿದರೆ ಮೇದೋಜೀರಕದಿಂದ ಬೇರೆ ರಸಗಳು ಬಂದು ಆ ತುಂಡುಗಳನ್ನು ಇನ್ನೂ ಸಣ್ಣದಾಗಿ ಕತ್ತರಿಸುತ್ತವೆ. ಒಂಟಿ ಟಿಕೆಟ್ಟಾದ ಮೇಲೆಯೇ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುವುದು. ರಕ್ತ ಅವನ್ನು ಮೈಯೆಲ್ಲ ಒಯ್ಯುತ್ತದೆ. ಗಾಯ ಇರುವಲ್ಲಿ ಮೈ ಅದೇ ಟಿಕೆಟ್ಟುಗಳನ್ನು ತನಗೆ ಬೇಕಾದ ಹಾಗೆ ಮತ್ತೆ ಹೊಲಿದು ಹೊಸ ಚರ್ಮ, ಹೊಸ ಮಾಂಸ ಮಾಡಿಕೊಳ್ಳುತ್ತದೆ.

"ಕಟ್ಟು ಬಿಚ್ಚದೇ ಹೋದ್ರೆ?" ದ್ಯಾವಪ್ಪನ ದನಿ ಸ್ವಲ್ಪ ಸಣ್ಣಗಾಗಿತ್ತು.

"ಕಟ್ಟಾಗೇ ಹೊರಗೆ ಹೋಗುತ್ತೆ. ಸಿಪ್ಪೆ ಸಮೇತ ನುಂಗಿದ ಕಾಳಿನೊಳಗೆ ಯಾವ ರಸವೂ ಸರಿಯಾಗಿ ಇಳಿಯಲ್ಲ." ಡಾಕ್ಟರು ಚೀಟಿ ಬರೆಯುತ್ತ ಹೇಳಿದಳು, "ಮೊಟ್ಟೆ ತಿನ್ನಿ, ಬೇಯಿಸಿ ತಿನ್ನಿ, ಹಸಿ ಕುಡಿಯಬೇಡಿ. ಬೆಂದದ್ದು ಬೇಗ ಬಿಚ್ಚಿಕೊಳ್ಳುತ್ತೆ. ನಾನು ತಿನ್ನಲ್ಲ, ಆದ್ರೆ ನಿಮಗೆ ಹೇಳ್ತಿದೀನಿ. ಸಂಕ್ರಾಂತಿ ಮುಗಿಯೋ ಹೊತ್ತಿಗೆ ಗಾಯ ತುಂಬದಿದ್ರೆ ತುಮಕೂರಿಗೆ ಕಳಿಸ್ತೀನಿ. ತೊಡೆ ಚರ್ಮ ತೆಗೆದು ಅಲ್ಲಿಗೆ ಹಾಕಬೇಕಾಗುತ್ತೆ."

ತೊಡೆಯ ಚರ್ಮ ಎಂದ ಕೂಡಲೇ ದ್ಯಾವಪ್ಪನಿಗೆ ಎರಡೂ ತೊಡೆ ತಣ್ಣಗಾಯಿತು. ಆವತ್ತು ಸಂಜೆಯೇ ಹೆಂಡತಿಗೆ ಸೆಟ್ಟಿನ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕಾಲು ನೋಡಲು ದೊಡ್ಡರಂಗಯ್ಯ ಬಂದು ಜಗಲಿಯಲ್ಲಿ ಕೂತ. "ಭಾವ, ನಿಮ್ಗೇನು, ಹಲ್ಲು ಗಟ್ಟಿ ಐತೆ, ಕಾಳು ಕಡ್ದು ತಿಂದು ಎದ್ದುಬುಡ್ತೀರ," ಎಂದ. ತೆರೆದ ಬಾಯಿ ಮುಚ್ಚಿಕೊಂಡಿತು. ಎರಡು ದಿನ ಸೆಟ್ಟು ಹಾಕಿಕೊಂಡು, ಹಟಕ್ಕೆ ಬಿದ್ದು, ಅವರೆಕಾಳು ಅಗಿದ. ಮೂರನೆಯ ದಿನ ಬಾಯಿ ತೊಳೆದ ನೀರೆಲ್ಲ ಕೆಂಪು. ಮತ್ತೆ ತಟ್ಟೆ ಹಿತ್ತಲಿಗೆ ಹೋಯಿತು. ಡಾಕ್ಟರು ಹೇಳಿದ್ದಾರೆಂದು ಸಿದ್ದಲಕ್ಷ್ಮಮ್ಮ ಈಗ ಕಾಳನ್ನು ಎರಡರಷ್ಟು ಹಾಕುತ್ತಿದ್ದಳು. ಬೇಯಿಸಿಕೊಟ್ಟ ಮೊಟ್ಟೆಯನ್ನು ಮಾತ್ರ ಅವನು ಹಲ್ಲಿಲ್ಲದವರ ಊಟ ಎಂದು ಮುಟ್ಟಲಿಲ್ಲ. ಕೋಳಿಗಳು ನಡೆಯುವುದನ್ನು ಬಿಟ್ಟು ಉರುಳುವುದಕ್ಕೆ ಬಂದವು.

ನಾಲ್ಕನೆಯ ದಿನ ಅವಳು ಸೆರಗು ಸಿಕ್ಕಿಸಿಕೊಂಡು, "ಕರಿಕೋಳಿ ಮೊಟ್ಟೆ ನಿಲ್ಸೈತೆ, ಸಾರು ಮಾಡ್ತೀನಿ, ಕಾಲಿಗೆ ಒಳ್ಳೇದು," ಎಂದಳು.

"ಅದ್ಯಾಕೆ ಪಾಪ, ಬುಡೇ," ಎಂದ ದ್ಯಾವಪ್ಪ. ಕೋಳಿಯ ಮೇಲಿನ ಮರುಕ ಅರ್ಧ, ಕೋಳಿಯ ಹೊಟ್ಟೆಯಲ್ಲಿ ಏನಿರುತ್ತದೆ ಎಂಬ ಹೆದರಿಕೆ ಅರ್ಧ. ಬೆಳಗಿನ ಕಾಳು ಇನ್ನೂ ಅಲ್ಲೇ ಇರಬೇಕು. ಅವನ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೋಳಿ ಹಸನು ಮಾಡಲು ಕೂತಳು. ಅವನು ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು, ಬೇರೆ ಕಡೆ ನೋಡುವವನ ಹಾಗೆ ನೋಡುತ್ತಿದ್ದ. ಕೊರಳ ಚೀಲ ಬಿಚ್ಚಿದಳು. ಒಳಗಿದ್ದದ್ದನ್ನು ಅಂಗೈ ಮೇಲೆ ಹರಡಿ ಬೆರಳಲ್ಲಿ ಬಿಡಿಸಿ ನೋಡಿದಳು. ಬೆಂದ ಅವರೆಕಾಳು. ಜೊತೆಗೆ ಒಗ್ಗರಣೆಯ ಸಾಸಿವೆ, ಒಂದು ಕರಿಬೇವಿನ ಚೂರು. ಅವಳ ಕೈಯಡಿಗೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಕೈ ತೊಳೆದುಕೊಂಡು, ಗಟ್ಟಿ ಮಾಂಸದ ಒಂದು ಉಂಡೆಯನ್ನು ಸೀಳಿ ಅವನ ಮುಂದೆ ಹಿಡಿದಳು. ಕೋಳಿಯ ಕಂದನಕಾಯಿ. ಒಳಗೆ ಸಣ್ಣ ಸಣ್ಣ ಹರಳುಕಲ್ಲು, ಅವುಗಳ ನಡುವೆ ಅರೆದ ಹಿಟ್ಟಿನಂತೆ ಕಾಳು.

"ನೋಡಿ, ಇದ್ಕೆ ಹಲ್ಲಿಲ್ಲ. ಆದ್ರೂ ಹೊಟ್ಟೇಲಿ ಕಲ್ಲಿಟ್ಕಂಡು ಹೆಂಗೆ ಅರ್ದೈತೆ."

"ದೇವ್ರು ದೊಡ್ಡೋನು," ಎಂದ ದ್ಯಾವಪ್ಪ.

"ಮನ್ಸರಿಗೆ ಕಂದನಕಾಯಿ ಕೊಟ್ಟಿಲ್ಲ," ಎಂದಳು ಅವಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ.

ಅವಳಿಗೆ ತಿಳಿದಿಲ್ಲ ಎಂದು ಅವನು ನಿಟ್ಟುಸಿರು ಬಿಟ್ಟ. ಮೂವತ್ತೊಂದು ವರ್ಷ ಟಿಕೆಟ್ಟಿಲ್ಲದ ಪ್ಯಾಸೆಂಜರನ್ನು ಮುಖ ನೋಡಿಯೇ ಹಿಡಿಯುತ್ತಿದ್ದವನಿಗೆ ಹೆಂಡತಿಯ ಮುಖ ಓದಲು ಬರಲಿಲ್ಲ.

ಮರುದಿನದಿಂದ ಶುರುವಾಯಿತು ಅವಳ ಕಾರುಬಾರು. ಬೆಂದ ಕಾಳನ್ನು ಹಿಸುಕಿ ಸಿಪ್ಪೆ ತೆಗೆದು ನುಣ್ಣಗೆ ರುಬ್ಬಬೇಕು. ಮನೆಯಲ್ಲಿ ಮಿಕ್ಸಿ ಹಾಕಿದರೆ ಏನು ರುಬ್ಬಿದೆ ಅಂತ ಕೇಳುತ್ತಾನೆ. ಅದಕ್ಕೆ ಪಾತ್ರೆಯನ್ನು ಸೆರಗಿನಡಿ ಮುಚ್ಚಿಕೊಂಡು, ಮೊಸರು ಹೆಪ್ಪಿಗೆ ಅಂತ ನೆಪ ಹೇಳಿ, ಶಕುಂತಲಮ್ಮನ ಮನೆಗೆ ಹೋಗಿ ರುಬ್ಬಿಕೊಂಡು ಬರುವುದು. ಹುರಿಗಡಲೆ ಪುಡಿಯನ್ನು ರಾಗಿಹಿಟ್ಟಿಗೆ ಬೆರೆಸುವುದು. ಮೊಟ್ಟೆಯನ್ನು ಬೇಯಿಸಿ, ನುರಿದು, ಮುದ್ದೆ ತಿರುವುವಾಗ ಅದರೊಳಗೇ ಅಡಗಿಸುವುದು. ಮೊದಲ ದಿನ ಮುದ್ದೆ ಬಿರುಕು ಬಿಟ್ಟಿತು, ಎರಡನೆಯ ದಿನ ಜಾರಿತು, ಮೂರನೆಯ ದಿನ ಅಳತೆ ಹಿಡಿತಕ್ಕೆ ಬಂತು. ತಟ್ಟೆಯಲ್ಲಿ ಮಾತ್ರ ಎಂದಿನಂತೆ ಒಂದು ಸೌಟು ಇಡೀ ಕಾಳು ಹಾಕಿಕೊಡುತ್ತಿದ್ದಳು. ಅದು ಕೋಳಿಯ ಪಾಲು ಅಂತ ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅವಳಿಗೆ ಗೊತ್ತು ಎಂಬುದೊಂದು ಅವನಿಗೆ ಗೊತ್ತಿರಲಿಲ್ಲ.

ಮುದ್ದೆಯಲ್ಲಿ ಏನೋ ವ್ಯತ್ಯಾಸ ಇದೆ ಎಂದು ದ್ಯಾವಪ್ಪನಿಗೆ ಅನ್ನಿಸದೆ ಇರಲಿಲ್ಲ. ಬಣ್ಣ ಸ್ವಲ್ಪ ತಿಳಿ, ಗಂಟಲಲ್ಲಿ ಇಳಿಯುವ ರೀತಿ ಬೇರೆ. ಒಂದು ದಿನ ಕೇಳಿಯೇಬಿಟ್ಟ.

"ಮುದ್ದೆ ಯಾಕೋ ಬ್ಯಾರೆ ಥರ ಐತಲ್ಲಮ್ಮಿ."

"ನಾಲ್ಗೆಗೂ ತಿಳೀಬಾರ್ದು ಅಂತಿದ್ರಲ್ಲ, ನಿಮ್ಗೆಂಗೆ ತಿಳೀತು? ಅಗೀತಾ ಇದೀರಾ?"

ಮುದ್ದೆ ಅಗಿದವನೆಂಬ ಅಪವಾದಕ್ಕಿಂತ ಸುಮ್ಮನಿರುವುದು ಮೇಲು. ಇನ್ನೊಂದು ತುತ್ತು ಮುರಿದು ನುಂಗಿದ. ಹೀಗೆ ದಿನವೂ ಒಂದು ವಿಚಿತ್ರ ವ್ಯವಹಾರ ನಡೆಯಿತು. ಹಿತ್ತಲ ಮೆಟ್ಟಿಲ ಮೇಲೆ ಅವನು ಕದ್ದು ಹಾಕಿದ ಕಾಳನ್ನು ಕೋಳಿಗಳು ಕಂದನಕಾಯಿಯಲ್ಲಿ ಅರೆದು, ಕರಗಿಸಿ, ಮೊಟ್ಟೆ ಮಾಡಿ ಇಡುತ್ತಿದ್ದವು. ಆ ಮೊಟ್ಟೆಯನ್ನು ಅವಳು ಕದ್ದು ಅವನ ಮುದ್ದೆಗೆ ಸೇರಿಸುತ್ತಿದ್ದಳು. ಬೆಳಿಗ್ಗೆ ಕೈಬಿಟ್ಟ ಕಾಳು ಹೊಸ ವೇಷದಲ್ಲಿ ಅವನ ಗಂಟಲಿಗೇ ಬಂದು ಇಳಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಮೋಸ ಮಾಡುತ್ತ ಇಷ್ಟು ಅನ್ಯೋನ್ಯವಾಗಿದ್ದ ಮನೆ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಮೂರನೆಯ ವಾರಕ್ಕೆ ಪಾದದ ಊತ ಇಳಿಯಿತು. ಗಾಯದ ಅಂಚಿನಲ್ಲಿ ತೆಳ್ಳನೆಯ ಗುಲಾಬಿ ಚರ್ಮ ಕಾಣಿಸಿಕೊಂಡಿತು. ದ್ಯಾವಪ್ಪ ಬೆಳಿಗ್ಗೆ ಎದ್ದ ಕೂಡಲೇ ಪಟ್ಟಿ ಸರಿಸಿ ನೋಡುವುದು, ಇವತ್ತು ಒಂದು ನೂಲಿನಷ್ಟು ಒಳಗೆ ಬಂದಿದೆ ಎಂದು ಖುಷಿಪಡುವುದು. ಸಂಕ್ರಾಂತಿ ಕಳೆದ ಮೂರನೆಯ ದಿನ ಕುಣಿಗಲ್ಲಿಗೆ ಹೋದಾಗ ಅಂಗೈಯಗಲದ ಗಾಯದಲ್ಲಿ ಉಳಿದದ್ದು ಹುಣಸೆಬೀಜದಷ್ಟು.

"ತುಮಕೂರು ಬೇಡ, ಇದು ಇಲ್ಲೇ ಮುಚ್ಚುತ್ತೆ," ಎಂದಳು ಡಾಕ್ಟರು. "ನಾಳೆಯಿಂದ ಮೆಲ್ಲಗೆ ಓಡಾಡಬಹುದು. ಏನು ತಿಂದ್ರಿ?"

ದ್ಯಾವಪ್ಪ ಎದೆ ಉಬ್ಬಿಸಿದ. ಬೆಂಚು ಕಣ್ಣಿಗೆ ಕಟ್ಟಿತ್ತು, ತೊಡೆಯ ಚರ್ಮ ತೊಡೆಯಲ್ಲೇ ಇತ್ತು, ಅಂಥ ಹೊತ್ತಿನಲ್ಲಿ ಯಾವ ಗಂಡಸು ನಾಲಿಗೆ ಹಿಡಿಯುತ್ತಾನೆ? "ಬರೀ ಮುದ್ದೆ ಮೇಡಮ್. ನಿಮ್ ಕಾಳು ಮೊಟ್ಟೆ ಏನೂ ಬ್ಯಾಡ. ನಿಜ ಹೇಳ್ಬೇಕಂದ್ರೆ ಕಾಳೆಲ್ಲ ಕೋಳಿಗೆ ಹಾಕ್ಬುಟ್ಟೆ. ಮುದ್ದೆ ಒಂದಿದ್ರೆ ಸಾಕು, ಗಾಯ ಗೀಯ ಎಲ್ಲ ತಾನೇ ಮುಚ್ಕತದೆ."

ಹೇಳಿ ಆದ ಮೇಲೆ ಹೆಂಡತಿ ಪಕ್ಕದಲ್ಲೇ ಕೂತಿರುವುದು ನೆನಪಾಯಿತು.

ಡಾಕ್ಟರು ಸಿದ್ದಲಕ್ಷ್ಮಮ್ಮನ ಕಡೆ ತಿರುಗಿದಳು. ಸಿದ್ದಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ಬಸ್ಸಿನ ಟೈಮು ಹೇಳುವಷ್ಟು ಸಲೀಸಾಗಿ ಹೇಳಿದಳು: "ದಿನಾ ಎರಡು ಮೊಟ್ಟೆ, ಒಂದು ಪಾವು ಕಾಳು ರುಬ್ಬಿದ್ದು, ಹುರಿಗಡಲೆ ಹಿಟ್ಟು, ಎಲ್ಲ ಮುದ್ದೆ ಒಳಗೇ ಇತ್ತು ಡಾಕ್ಟ್ರಮ್ಮ. ಅಗಿಯೋ ಕೆಲ್ಸ ಅರ್ಧ ಕೋಳಿ ಮಾಡ್ದೊ, ಅರ್ಧ ಮಿಕ್ಸಿ ಮಾಡ್ತು. ಇವ್ರು ನುಂಗಿದ್ರು ಅಷ್ಟೆ."

ಡಾಕ್ಟರು ರಿಪೋರ್ಟಿನಿಂದ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಅಲ್ಲಾಡುತ್ತಿತ್ತು.

ವಾಪಸ್ ಬಸ್ಸಿನಲ್ಲಿ ದ್ಯಾವಪ್ಪ ಕಿಟಕಿಯಾಚೆ ನೋಡುತ್ತಲೇ ಕೇಳಿದ, "ಯಾವತ್ತಿಂದ ಗೊತ್ತು?"

"ಕರಿಕೋಳಿ ಕುಯ್ದ ದಿನದಿಂದ."

"ಹಲ್ಲಿಂದು?"

"ಅವತ್ತೇ ಅಂಗಿ ಒಗೆಯೋಕ್ಕೆ ತಗಂಡಾಗ ಜೇಬಲ್ಲಿ ನಗ್ತಾ ಕೂತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಟಕ್ಕೆ ಮತ್ತೆ ಕಾಳು ಕಡೀತಿದ್ರಿ, ಬಾಯೆಲ್ಲ ಕಿತ್ಕಳ್ತಿದ್ರಿ. ಡಾಕ್ಟ್ರಮ್ಮ ಕೊಟ್ಟಿದ್ದ ವಾಯ್ದೆ ಒಂದು ತಿಂಗ್ಳು. ನಿಮ್ ಮರ್ಯಾದೆ ಆಮೇಲೆ ನೋಡ್ಕಳಾಣ, ಮೊದ್ಲು ಕಾಲು ಉಳೀಲಿ ಅಂದ್ಕಂಡೆ." ಅವನ ತೋಳು ಮುಟ್ಟಿ ಅಂದಳು, "ನಂಗೂ ಭಯ ಆಗಿತ್ತು ಕಣ್ರೀ. ತೋಳು ನೋಡುದ್ರೆ ಅಳು ಬರದು."

ದ್ಯಾವಪ್ಪನಿಗೆ ನಾಚಿಕೆಯಾಯಿತು. ಇಷ್ಟು ದಿನ ತಾನು ಹೆಂಡತಿಯನ್ನು ಏಮಾರಿಸುತ್ತಿದ್ದೇನೆಂದು ಬೀಗುತ್ತಿದ್ದಾಗ, ಅವಳು ಒಂದು ಪಾತ್ರೆ ಸೆರಗಿನಡಿ ಹಿಡಿದು ಬೀದಿ ದಾಟುತ್ತಿದ್ದಳು.

ಅಮೃತೂರಿನಲ್ಲಿ ಇಳಿದಾಗ ಬೆಂಚಿನ ತುದಿಯಲ್ಲಿ ದೊಡ್ಡರಂಗಯ್ಯ ಟೀಗೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ. ದ್ಯಾವಪ್ಪ ಹೋಗಿ ಅವನ ಪಕ್ಕ ಕೂತ. ಸೆಟ್ಟನ್ನು ಬಾಯಿಂದ ತೆಗೆದು, ಟವೆಲಿನಲ್ಲಿ ಒರೆಸಿ, ಇಬ್ಬರ ನಡುವೆ ಕಲ್ಲಿನ ಮೇಲೆ ಇಟ್ಟ.

"ನಂದೂ ಬೊಚ್ಚುಬಾಯೇ ಕಣೋ ರಂಗ. ಯುಗಾದಿಯಿಂದ. ನಿಂಗೆ ಅಷ್ಟೊಂದು ಅಂದಿದ್ದು ತಪ್ಪಾಯ್ತು."

ದೊಡ್ಡರಂಗಯ್ಯ ಸೆಟ್ಟನ್ನು ನೋಡಿದ, ಭಾವನನ್ನು ನೋಡಿದ. "ಮಂಗನಬಾವು ಅಂದಾಗ್ಲೇ ಅಂದ್ಕಂಡೆ ಬುಡಿ ಭಾವ," ಎಂದು ಬನ್ನು ಮುರಿದು ಅರ್ಧ ಕೊಟ್ಟ. "ಚೆನ್ನಾಗಿ ಅದ್ದಿ. ಸೋಮವಾರ ತುಮಕೂರಿಗೆ ಹೋಗಿ ಉಜ್ಜಿಸ್ಕಂಡು ಬರಾಣ, ನಾನೂ ಬರ್ತೀನಿ."

ಮನೆಗೆ ಬಂದ ಮೇಲೆ ಅಡುಗೆಯ ಹೊತ್ತಾಯಿತು. ಸಿದ್ದಲಕ್ಷ್ಮಮ್ಮ ಬೆಂದ ಕಾಳಿನ ಪಾತ್ರೆಯನ್ನು ಎತ್ತಿ, ರೂಢಿಯ ಮೇಲೆ ಸೆರಗಿನಡಿ ಮುಚ್ಚಿಕೊಂಡು ಬಾಗಿಲ ಕಡೆ ಹೊರಟಳು. ದ್ಯಾವಪ್ಪ ಅಡ್ಡ ನಿಂತು ಪಾತ್ರೆಯನ್ನು ಈಸಿಕೊಂಡ. ಜಾರಿಗೆ ಸುರಿದು, ಮುಚ್ಚಳ ಒತ್ತಿ ಹಿಡಿದು, ಇಡೀ ಬೀದಿಗೆ ಕೇಳುವ ಹಾಗೆ ಮಿಕ್ಸಿ ಹಾಕಿದ. ಆ ಸದ್ದಿಗೆ ಶಕುಂತಲಮ್ಮ ಪಕ್ಕದ ಮನೆಯಿಂದ ಹೊರಗೆ ಬಂದು ನಿಂತಳು.

ಆವತ್ತು ಅವನು ಹಿತ್ತಲಿಗೆ ಹೋಗಲಿಲ್ಲ. ಅಡುಗೆಮನೆಯಲ್ಲೇ, ಅವಳ ಎದುರಿಗೆ, ಹಲ್ಲಿಲ್ಲದೆ ಕೂತು ಉಂಡ. ಮುದ್ದೆಯ ಮೊದಲ ತುತ್ತನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು, ವಸಡಿನಿಂದ ಒತ್ತಿ ಒತ್ತಿ, ಜೀವಮಾನದಲ್ಲಿ ಮೊದಲ ಸಲ ಅದರ ರುಚಿ ನೋಡಿದ.

"ಚೆನ್ನಾಗೈತೆ ಕಣೇ ಸಿದ್ದಿ," ಎಂದ.